ಬಲ ಬೇಡ, ಜಾಗ ಕೊಡಿ: ಕಾಡುದಾರಿಯಲ್ಲಿ ಬೈಕಿನ ಪಂಕ್ಚರ್ ರಿಪೇರಿ

ಜುಲೈ ತಿಂಗಳ ಒಂದು ಭಾನುವಾರ. ಲೋನಾವಳದ ತುಂಗಾರ್ಲಿ ದಾಟಿ, ರಾಜಮಾಚಿ ಕೋಟೆಯ ಬುಡದಲ್ಲಿರುವ ಉಧೇವಾಡಿ ಹಳ್ಳಿಗೆ ಹೊರಟಿದ್ದೆವು. ಹದಿನೈದು ಕಿಲೋಮೀಟರಿನಷ್ಟು ದಾರಿ. ಡಾಂಬರು ಮುಗಿದ ಮೇಲೆ ಕೆಂಪು ಕೆಸರು, ಅಡ್ಡ ಹರಿಯುವ ತೊರೆಗಳು, ಹಲ್ಲು ಕಿರಿದು ನಿಂತ ಕರಿಗಲ್ಲು. ಒಂದು ತೊರೆ ದಾಟಿ ಏರು ಹತ್ತುವಾಗ ನನ್ನ ಬೈಕಿನ ಹಿಂಭಾಗ ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಇಳಿದು ನೋಡಿದರೆ ಹಿಂದಿನ ಟೈರು ನೆಲಕ್ಕೆ ಅಂಟಿಕೊಂಡಿತ್ತು.

ನಾವು ನಾಲ್ವರಿದ್ದೆವು. ಹೊಸ ಟ್ಯೂಬಿತ್ತು, ಎರಡು ಲಿವರ್ ಇತ್ತು, ಪಂಪೂ ಇತ್ತು. ಇಲ್ಲದ್ದು ಅಭ್ಯಾಸ ಮಾತ್ರ. ನಮ್ಮಲ್ಲಿ ಒಬ್ಬನೂ ಅದುವರೆಗೆ ತನ್ನ ಕೈಯಾರೆ ಟೈರು ಬಿಚ್ಚಿರಲಿಲ್ಲ. ಮಳೆಯಲ್ಲಿ ಕುಳಿತು ಬಲ ಹಾಕಿದೆವು. ಟೈರಿನ ಕೊನೆಯ ಗೇಣುದ್ದದ ಅಂಚು ರಿಮ್ಮಿನೊಳಗೆ ಇಳಿಯಲೊಲ್ಲದೆ ಇಬ್ಬರು ಲಿವರಿನ ಮೇಲೆ ಒರಗಿದೆವು. ಅಂಚು ಇಳಿಯಿತು. ಪಂಪು ಹೊಡೆದರೆ ಹೊಸ ಟ್ಯೂಬಿನಲ್ಲಿ ಗಾಳಿ ನಿಲ್ಲಲಿಲ್ಲ; ನಮ್ಮದೇ ಲಿವರ್ ಅದನ್ನು ಕಚ್ಚಿ ತೂತು ಮಾಡಿತ್ತು. ಹಳೆಯ ಟ್ಯೂಬಿಗೆ ಹಾಕಿದ ಪ್ಯಾಚು ಒದ್ದೆಯಲ್ಲಿ ಬಿಟ್ಟುಕೊಂಡಿತು. ಕೊನೆಗೆ ಚಕ್ರವನ್ನೇ ಗೆಳೆಯನ ಬೈಕಿಗೆ ಕಟ್ಟಿ ಲೋನಾವಳಕ್ಕೆ ಕಳಿಸಿ, ಅದು ಮರಳಿ ಬರುವ ಹೊತ್ತಿಗೆ ಕತ್ತಲಾಗಿತ್ತು.

ಆ ವಾರವೇ ಭಾಂಡುಪ್‌ನಲ್ಲಿ ನಮ್ಮ ಮನೆಯ ಹತ್ತಿರದ ಪಂಕ್ಚರ್ ಅಂಗಡಿಯ ಮುಂದೆ ಹೋಗಿ ನಿಂತೆ. ಅಂಗಡಿಯ ಹಿರಿಯರು ಎಪ್ಪತ್ತರ ಹತ್ತಿರದವರು, ಸಣಕಲು ಮೈ. ಟೈರಿನ ಒಂದು ಮಗ್ಗುಲಿಗೆ ಮಂಡಿ ಊರಿದರು, ಎದುರು ಮಗ್ಗುಲಿಗೆ ಲಿವರ್ ಇಟ್ಟರು, ಒಂದು ಕೈಯಲ್ಲೇ ಎತ್ತಿದರು. ನಾನು ಬೆರಗಾಗಿ ನೋಡುವುದನ್ನು ಕಂಡು, "ಜೋರ್ ನಹೀ, ಜಗಹ್ ದೇನೇ ಕಾ" ಎಂದರು. ಬಲ ಹಾಕುವುದಲ್ಲ, ಜಾಗ ಕೊಡುವುದು. ಟೈರು ಬಿಚ್ಚುವ, ಕೂರಿಸುವ ವಿದ್ಯೆಯ ತಿರುಳು ಈ ಒಂದು ಮಾತಿನಲ್ಲಿದೆ. ಮುಂದೆ ಬರೆಯುವುದೆಲ್ಲ ಅದರ ವಿವರಣೆ.

ಮುಂಬಯಿಯ ಕನ್ನಡಿಗರಿಗೆ ಇದು ಯಾಕೆ ಬೇಕು? ಮಳೆ ಬಿದ್ದರೆ ಠಾಣೆ, ಡೊಂಬಿವಿಲಿ, ಮೀರಾ ರೋಡಿನ ನಮ್ಮ ಹುಡುಗರು, ಹುಡುಗಿಯರು ಮಾಳ್ಶೇಜ್ ಘಾಟಿ, ಭಂಡಾರದರಾ, ರಾಜಮಾಚಿ ಎಂದು ಹೊರಡುತ್ತಾರೆ. ಊರಿನ ಜಾತ್ರೆಗೋ ಕೋಲಕ್ಕೋ ಪನ್ವೇಲಿನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕಾರವಾರ, ಕುಂದಾಪುರದವರೆಗೆ ಬೈಕಿನಲ್ಲೇ ಹೋಗುವವರಿದ್ದಾರೆ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಾಗಲಿ ಅಟಲ್ ಸೇತುವಿನಲ್ಲಾಗಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ನಮ್ಮ ಪಾಲಿಗೆ ಉಳಿದಿರುವುದು ಹಳೆಯ ರಸ್ತೆಗಳು, ಘಾಟಿಗಳು, ಕಾಮಗಾರಿ ನಡೆಯುವ ತಿರುವುಗಳು. ಅಲ್ಲಿ ಮೊಳೆ, ತಂತಿ, ಜಲ್ಲಿ ಧಾರಾಳ. ಊರೊಳಗಿದ್ದರೆ ಪಂಕ್ಚರ್ ಅಂಗಡಿ ಕೂಗಳತೆಯಲ್ಲಿರುತ್ತದೆ. ಘಾಟಿ ಹತ್ತಿದ ಮೇಲೆ ಮೊಬೈಲ್ ಸಿಗ್ನಲ್ಲೂ ಸಿಗದ ಕಡೆ ನಮಗೆ ನಾವೇ ಗತಿ.

ನಿಮ್ಮದು ಟ್ಯೂಬೋ, ಟ್ಯೂಬ್‌ಲೆಸ್ಸೋ?

ಹೊರಡುವ ಮೊದಲು ಇದು ಗೊತ್ತಿರಬೇಕು. ಕೆಲಸದ ದಾರಿಯೇ ಬೇರೆ ಬೇರೆ. ಸಾಮಾನ್ಯವಾಗಿ ಕಡ್ಡಿಯ ಚಕ್ರ, ಅಂದರೆ ಸ್ಪೋಕ್ ವೀಲ್ ಇದ್ದರೆ ಒಳಗೆ ಟ್ಯೂಬಿರುತ್ತದೆ. ಕಡ್ಡಿಗಳ ತೂತಿನಿಂದ ಗಾಳಿ ಸೋರುವುದರಿಂದ ಟ್ಯೂಬು ಬೇಕೇ ಬೇಕು. ಅಲಾಯ್ ಚಕ್ರವಿದ್ದರೆ ಈಗಿನ ಬೈಕುಗಳಲ್ಲಿ ಬಹುಪಾಲು ಟ್ಯೂಬ್‌ಲೆಸ್. ಕಾಡುದಾರಿಯವರ ಮೆಚ್ಚಿನ ಹೀರೋ ಎಕ್ಸ್‌ಪಲ್ಸ್ 200 ಮತ್ತು ಹಳೆಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಎರಡೂ ಕಡ್ಡಿ ಚಕ್ರದವು, ಎರಡಕ್ಕೂ ಮುಂದೆ 21 ಇಂಚಿನ ಚಕ್ರ. ಕಡ್ಡಿ ಚಕ್ರವಿದ್ದೂ ಟ್ಯೂಬ್‌ಲೆಸ್ ಆಗಿರುವ ಹೊಸ ಮಾದರಿಗಳೂ ಬಂದಿವೆ. ಅನುಮಾನವಿದ್ದರೆ ಟೈರಿನ ಮಗ್ಗುಲು ಓದಿ, ಅಲ್ಲೇ ಬರೆದಿರುತ್ತದೆ. ಆದರೆ ಟ್ಯೂಬ್‌ಲೆಸ್ ಎಂದು ಬರೆದ ಟೈರಿನೊಳಗೂ ಟ್ಯೂಬು ಹಾಕಿಸಿರುವುದುಂಟು. ವಾಲ್ವಿನ ಬುಡದಲ್ಲಿ ರಿಮ್ಮಿಗೆ ಬಿಗಿದ ತೆಳು ನಟ್ಟಿದ್ದು, ಸಡಿಲಿಸಿದಾಗ ವಾಲ್ವು ಒಳಕ್ಕೆ ಜಾರಿದರೆ ಅದು ಟ್ಯೂಬಿನದೇ.

ರಿಮ್ಮಿನ ನಡುವಿನ ಕಾಲುವೆ

ಟೈರಿನ ಒಳ ಅಂಚಿಗೆ ಬೀಡ್ ಎನ್ನುತ್ತಾರೆ. ಅದರೊಳಗೆ ಉಕ್ಕಿನ ತಂತಿಯ ಬಳೆ ಹುದುಗಿರುತ್ತದೆ. ರಬ್ಬರು ಎಳೆದರೆ ಹಿಗ್ಗುತ್ತದೆ, ಉಕ್ಕಿನ ಬಳೆ ಹಿಗ್ಗುವುದಿಲ್ಲ. ಇನ್ನೊಂದೆಡೆ ರಿಮ್ಮಿನ ಹೊರ ಅಂಚಿನ ಸುತ್ತಳತೆ ಆ ಬಳೆಗಿಂತ ದೊಡ್ಡದು. ಹಾಗಾದರೆ ಚಿಕ್ಕ ಬಳೆ ದೊಡ್ಡ ಅಂಚನ್ನು ದಾಟುವುದು ಹೇಗೆ?

ರಿಮ್ಮನ್ನು ಅಡ್ಡ ಕೊಯ್ದು ನೋಡಿದರೆ ನಡುವೆ ಒಂದು ತಗ್ಗು ಕಾಣುತ್ತದೆ, ಗದ್ದೆಯ ಬದುವಿನ ಪಕ್ಕದ ಕಾಲುವೆಯಂತೆ. ಟೈರಿನ ಒಂದು ಮಗ್ಗುಲಿನ ಬೀಡನ್ನು ಆ ಕಾಲುವೆಗೆ ಒತ್ತಿ ಇಳಿಸಿದರೆ, ಎದುರು ಮಗ್ಗುಲಿನಲ್ಲಿ ಅಷ್ಟು ಸಡಿಲು ಸಿಗುತ್ತದೆ. ಆ ಸಡಿಲಿನಲ್ಲಿ ಲಿವರ್ ಹಾಕಿದರೆ ಅಂಚು ತಾನಾಗಿ ಹೊರಬರುತ್ತದೆ. ಇಳಿಸದೆ ಹೋದರೆ ನೀವು ಉಕ್ಕಿನ ತಂತಿಯ ಜತೆ ಹೋರಾಡುತ್ತಿದ್ದೀರಿ ಎಂದು ಅರ್ಥ. ಲಿವರ್ ಬಾಗುತ್ತದೆ, ರಿಮ್ಮಿಗೆ ಗೀರು ಬೀಳುತ್ತದೆ, ಟ್ಯೂಬು ಹರಿಯುತ್ತದೆ, ಬೀಡ್ ಸೋಲುವುದಿಲ್ಲ. ಅಂಗಡಿಯ ಹಿರಿಯರು ಮಂಡಿ ಊರಿದ್ದು ಇದಕ್ಕೇ. ಅವರ ಮಂಡಿ ಜಾಗ ಮಾಡಿಕೊಡುತ್ತಿತ್ತು, ಲಿವರಿನ ಕೈಗೆ ಕೆಲಸವೇ ಉಳಿದಿರಲಿಲ್ಲ.

ಟ್ಯೂಬಿನ ಚಕ್ರದಲ್ಲಿ ವಾಲ್ವು ಇರುವ ಕಡೆ ಆ ಕಾಲುವೆಗೆ ವಾಲ್ವಿನ ಬುಡವೇ ಅಡ್ಡ ನಿಂತಿರುತ್ತದೆ. ಅಲ್ಲಿ ಬೀಡ್ ಪೂರ್ತಿ ಇಳಿಯದು. ಆದ್ದರಿಂದ ನಿಯಮ ಸುಲಭ: ಮಂಡಿ ವಾಲ್ವಿನ ಎದುರು ಮಗ್ಗುಲಿಗೆ, ಲಿವರ್ ವಾಲ್ವಿನ ಬದಿಗೆ. ಬಿಚ್ಚುವಾಗಲೂ ಹೀಗೆ, ಹಾಕುವಾಗಲೂ ಹೀಗೆ.

ಚೀಲದಲ್ಲಿ ಏನಿರಬೇಕು

ಎಲ್ಲ ಸೇರಿ ಒಂದು ಊಟದ ಬುತ್ತಿಯಷ್ಟು ಜಾಗ ಸಾಕು.

• ಎಂಟರಿಂದ ಹತ್ತು ಇಂಚಿನ ಟೈರ್ ಲಿವರ್ ಮೂರು. ಎರಡರಲ್ಲಿ ಆಗುತ್ತದೆ, ಮೂರಿದ್ದರೆ ನೆಮ್ಮದಿ. ತುದಿ ಉರುಟಾಗಿರಲಿ, ಚೂಪಿದ್ದರೆ ಅರದಿಂದ ಉಜ್ಜಿಕೊಳ್ಳಿ.

• ನಿಮ್ಮ ಬೈಕಿನ ಎರಡೂ ಆಕ್ಸೆಲ್ ನಟ್ಟಿಗೆ ಸರಿಯಾಗಿ ಕೂರುವ ಸ್ಪ್ಯಾನರ್. ಕಂಪನಿ ಕೊಟ್ಟ ಟೂಲ್ ಕಿಟ್ಟಿನಲ್ಲಿ ಇದೆಯೋ ಇಲ್ಲವೋ ಮನೆಯಲ್ಲೇ ಹಾಕಿ ನೋಡಿ.

• ಪಂಪು. ಕಾಲಿನದಾಗಲಿ ಕೈಯದಾಗಲಿ ಬ್ಯಾಟರಿಯದಾಗಲಿ, ಒಂದು ಇರಲೇಬೇಕು. ಜತೆಗೆ ಗಾಳಿ ಅಳೆಯುವ ಚಿಕ್ಕ ಗೇಜ್.

• ವಾಲ್ವ್ ಪಿನ್ ಬಿಚ್ಚುವ ಕೀಲಿ. ಬೆರಳುದ್ದದ ಅಗ್ಗದ ವಸ್ತು, ಮರೆತರೆ ಪೇಚಾಟ.

• ಟ್ಯೂಬಿನವರಿಗೆ ಪ್ಯಾಚು, ಉಜ್ಜುಕಾಗದ, ಸೊಲ್ಯೂಷನ್ ಎಂಬ ಅಂಟು. ಟ್ಯೂಬ್‌ಲೆಸ್‌ನವರಿಗೆ ರಬ್ಬರ್ ಬತ್ತಿ, ಅರದ ಸೂಜಿ, ಬತ್ತಿ ತೂರಿಸುವ ಸೂಜಿ, ಸೊಲ್ಯೂಷನ್, ಇಕ್ಕಳ, ಬ್ಲೇಡ್.

• ಒಂದು ಹೊಸ ಟ್ಯೂಬು. ಒಂದನ್ನೇ ಒಯ್ಯುವುದಾದರೆ ಮುಂದಿನ ಚಕ್ರದ್ದು. 21 ಇಂಚಿನ ಸಣ್ಣ ಟ್ಯೂಬನ್ನು ಹಿಂದಿನ ಚಕ್ರಕ್ಕೂ ತುರುಕಿ ಮನೆ ಸೇರಬಹುದು. ಹಿಂದಿನ ದಪ್ಪ ಟ್ಯೂಬು ಮುಂದಿನ ಟೈರಿನಲ್ಲಿ ಮಡಚಿಕೊಂಡು ಹರಿಯುತ್ತದೆ.

• ಸಾಮಾನು ಕಟ್ಟುವ, ಬಿಗಿಯಲು ಬರುವ ಪಟ್ಟಿ ಒಂದು, ಬಟ್ಟೆ ಸೋಪಿನ ತುಂಡು, ಸ್ವಲ್ಪ ಟಾಲ್ಕಮ್ ಪೌಡರ್, ಹಳೆಯ ಬಟ್ಟೆ, ತಲೆಗೆ ಕಟ್ಟುವ ಟಾರ್ಚು, ಎರಡು ಮೀಟರ್ ಪ್ಲಾಸ್ಟಿಕ್ ಹಾಳೆ.

ಸೊಲ್ಯೂಷನ್ ಬಗ್ಗೆ ಒಂದು ಮಾತು. ಒಮ್ಮೆ ಮುಚ್ಚಳ ತೆರೆದರೆ ಅಂಟು ಕೆಲವೇ ತಿಂಗಳಲ್ಲಿ ಒಳಗೇ ಒಣಗಿಹೋಗುತ್ತದೆ. ಹೊರಗಿನಿಂದ ತುಂಬಿದಂತೆ ಕಂಡರೂ ಹಿಂಡಿದರೆ ಏನೂ ಬಾರದು. ಪ್ರತಿ ಮಳೆಗಾಲಕ್ಕೆ ಹೊಸದು ತನ್ನಿ, ತೆರೆಯದೆ ಇಡಿ. ಲಿವರ್, ಕೀಲಿ, ಬತ್ತಿ ಇವೆಲ್ಲ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ.

ಟ್ಯೂಬ್‌ಲೆಸ್: ಚಕ್ರ ಬಿಚ್ಚದೆ ಬತ್ತಿ ಹಾಕುವುದು

ಮೊಳೆ ಕಂಡ ಕೂಡಲೇ ಕೀಳಬೇಡಿ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯೇ ಎಷ್ಟೋ ಸಲ ಬಿರಡೆಯಾಗಿ ನಿಂತು ಗಾಳಿಯನ್ನು ತಡೆದಿರುತ್ತದೆ. ಗಾಳಿ ನಿಧಾನವಾಗಿ ಸೋರುತ್ತಿದ್ದು, ಊರು ಹತ್ತಿರವಿದ್ದರೆ ಗಾಳಿ ಹೊಡೆದುಕೊಂಡು ಮೆಲ್ಲಗೆ ಅಂಗಡಿ ತಲುಪಿ. ದೂರವಿದ್ದರೆ ಎಲ್ಲ ಸಾಮಾನನ್ನು ಕೈಗೆಟಕುವಂತೆ ಹರಡಿಕೊಂಡು ಆಮೇಲೆ ಕೀಳಿ.

ತೂತು ಕಾಣದಿದ್ದರೆ ಸೋಪಿನ ನೀರು ಸವರಿ. ಗುಳ್ಳೆ ಏಳುವ ಕಡೆ ತೂತಿದೆ. ಇಕ್ಕಳದಿಂದ ಮೊಳೆ ಕೀಳುವಾಗ ಅದು ಯಾವ ಓರೆಯಲ್ಲಿ ಹೋಗಿತ್ತು ಎಂಬುದನ್ನು ನೋಡಿಕೊಳ್ಳಿ. ಅದೇ ಓರೆಯಲ್ಲಿ ಅರದ ಸೂಜಿಯನ್ನು ತೂರಿಸಿ ನಾಲ್ಕಾರು ಸಲ ಒಳಹೊರಗೆ ಆಡಿಸಿ. ತೂತು ದೊಡ್ಡದಾಗುವುದೆಂದು ಹೆದರಿ ಈ ಹೆಜ್ಜೆ ಬಿಡುವವರಿದ್ದಾರೆ. ಆದರೆ ಒರಟು ಗೋಡೆಗೇ ಬತ್ತಿ ಹಿಡಿದುಕೊಳ್ಳುವುದು. ಬತ್ತಿಯನ್ನು ಸೂಜಿಯ ಕಣ್ಣಿನಲ್ಲಿ ಅರ್ಧಕ್ಕೆ ಪೋಣಿಸಿ, ಸೊಲ್ಯೂಷನ್ ಸವರಿ, ಎರಡು ತುದಿ ಒಂದು ಸೆಂಟಿಮೀಟರಿನಷ್ಟು ಹೊರಗೆ ಉಳಿಯುವವರೆಗೆ ಒತ್ತಿ, ಸೂಜಿಯನ್ನು ಒಂದೇ ಎಳೆತಕ್ಕೆ ಹೊರಗೆ ತೆಗೆಯಿರಿ. ಹೊರಗುಳಿದ ತುದಿಯನ್ನು ಎರಡು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಗಾಳಿ ಹೊಡೆದು ಮತ್ತೆ ಸೋಪಿನ ನೀರು ಹಾಕಿ ನೋಡಿ. ತೂತು ದೊಡ್ಡದಿದ್ದರೆ ಎರಡನೆಯ ಬತ್ತಿ ಪಕ್ಕದಲ್ಲೇ ಹಾಕಬಹುದು.

ಬತ್ತಿ ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ. ಟೈರಿನ ಮಗ್ಗುಲು ಪ್ರತಿ ಸುತ್ತಿಗೂ ಮಡಚಿ ಬಿಚ್ಚುವ ಜಾಗ. ಅಲ್ಲಿ ಬತ್ತಿ ನಿಲ್ಲುವುದಿಲ್ಲ, ನಿಂತಂತೆ ಕಂಡರೂ ನಂಬಬಾರದು. ದಾರಿಯಲ್ಲಿ ಹಾಕಿದ ಬತ್ತಿಯನ್ನು ಊರಿಗೆ ಬಂದ ಮೇಲೆ ಟೈರು ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಪ್ಯಾಚು ಹಾಕಿಸುವುದು ಲೇಸು. ಅಲ್ಲಿಯವರೆಗೆ ವೇಗ ಬೇಡ.

ಟ್ಯೂಬ್ ಟೈರು: ಬಿಚ್ಚುವ ಕ್ರಮ

ಮೊದಲು ಜಾಗ ಆರಿಸಿ. ಸಮತಟ್ಟು ನೆಲ, ತಿರುವಿನಿಂದ ದೂರ, ಮಳೆಗಾಲವಾದರೆ ಗುಡ್ಡ ಕುಸಿಯುವ ಬದಿಯಲ್ಲಲ್ಲ, ತೊರೆಯ ಪಾತ್ರದಲ್ಲೂ ಅಲ್ಲ. ಸಹ್ಯಾದ್ರಿಯ ತೊರೆ ಮೇಲೆ ಮಳೆ ಬಿದ್ದರೆ ನೋಡನೋಡುತ್ತ ಏರುತ್ತದೆ.

ಆಕ್ಸೆಲ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ. ಎತ್ತಿದ ಮೇಲೆ ಸ್ಪ್ಯಾನರಿಗೆ ಬಲ ಕೊಟ್ಟರೆ ಬೈಕು ಮಗುಚುತ್ತದೆ. ಸೆಂಟರ್ ಸ್ಟ್ಯಾಂಡಿದ್ದರೆ ಸರಿ. ಇಲ್ಲದಿದ್ದರೆ ಸೈಡ್ ಸ್ಟ್ಯಾಂಡಿನ ಮೇಲೆ ಒರಗಿಸಿ, ಎದುರು ಬದಿಯಲ್ಲಿ ಚೌಕಟ್ಟಿನ ಕೆಳಗೆ ಗಟ್ಟಿ ಕಲ್ಲು ಅಥವಾ ಮರದ ತುಂಡು ಕೊಟ್ಟು, ಇನ್ನೊಬ್ಬರು ಹಿಡಿದುಕೊಳ್ಳಲಿ. ಚೈನ್ ಬಿಗಿಯುವ ಗುರುತು ಎಷ್ಟನೆಯ ಗೆರೆಯಲ್ಲಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಆಕ್ಸೆಲ್ ಎಳೆದು, ಚಕ್ರವನ್ನು ಮುಂದಕ್ಕೆ ತಳ್ಳಿ, ಚೈನನ್ನು ಸ್ಪ್ರಾಕೆಟ್ಟಿನಿಂದ ಇಳಿಸಿ. ಡ್ರಮ್ ಬ್ರೇಕಾದರೆ ಅದರ ಸರಳನ್ನೂ ಬಿಚ್ಚಬೇಕು. ಬುಷ್, ವಾಷರ್‌ಗಳು ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಡಿ. ಕೆಸರಿಗೆ ಬಿದ್ದ ವಾಷರ್ ಸಿಗುವುದಿಲ್ಲ. ಡಿಸ್ಕ್ ಬ್ರೇಕಿದ್ದರೆ, ಚಕ್ರ ಹೊರಗಿರುವಾಗ ಯಾರೂ ಬ್ರೇಕ್ ಒತ್ತಬಾರದು. ಎರಡು ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿಡಿ.

ಚಕ್ರವನ್ನು ಡಿಸ್ಕ್ ಮೇಲೆ ಬರುವಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿಸಿ. ವಾಲ್ವ್ ಪಿನ್ ತೆಗೆದು ಉಳಿದ ಗಾಳಿ ಪೂರ್ತಿ ಬಿಡಿ. ವಾಲ್ವಿನ ನೇರಕ್ಕೆ ಟೈರಿನ ಮೇಲೆ ಒಂದು ಗುರುತು ಹಾಕಿ. ಇದು ಯಾಕೆಂದರೆ, ಟ್ಯೂಬಿನಲ್ಲಿ ತೂತು ಎಲ್ಲಿದೆ ಎಂದು ಗೊತ್ತಾದ ಮೇಲೆ, ಮೊಳೆ ಟೈರಿನಲ್ಲಿ ಎಲ್ಲಿ ಅಡಗಿದೆ ಎಂದು ಈ ಗುರುತಿನಿಂದ ಹುಡುಕಬಹುದು.

ಈಗ ಬೀಡನ್ನು ರಿಮ್ಮಿನ ಹಿಡಿತದಿಂದ ಬಿಡಿಸಬೇಕು. ಬೂಟಿನ ಹಿಮ್ಮಡಿಯಿಂದ ತುಳಿದರೆ ಹಲವು ಟೈರುಗಳು ಬಿಡುತ್ತವೆ. ಹಟ ಹಿಡಿದರೆ ಜತೆಗಾರರ ಬೈಕು ನೆರವಿಗೆ ಬರುತ್ತದೆ. ಟೈರಿನ ಮಗ್ಗುಲಿನ ಮೇಲೆ, ರಿಮ್ಮಿಗೆ ಅಂಟಿದಂತೆ ಆ ಬೈಕಿನ ಸೈಡ್ ಸ್ಟ್ಯಾಂಡ್ ಇಳಿಸಿ, ಬೈಕನ್ನು ಮೆಲ್ಲಗೆ ಅದರತ್ತ ಒರಗಿಸಿ. ಬೈಕಿನ ಭಾರವೆಲ್ಲ ಆ ಒಂದು ಬಿಂದುವಿಗೆ ಬಿದ್ದು ಬೀಡ್ ಕಾಲುವೆಗೆ ಜಾರುತ್ತದೆ. ಸ್ಟ್ಯಾಂಡಿನ ಪಾದ ರಿಮ್ಮಿಗಾಗಲಿ ಡಿಸ್ಕಿಗಾಗಲಿ ತಾಗದಂತೆ ಒಬ್ಬರು ಬಗ್ಗಿ ನೋಡುತ್ತಿರಲಿ. ಎರಡೂ ಮಗ್ಗುಲಿಗೆ, ಸುತ್ತಲೂ ಹೀಗೆ ಬಿಡಿಸಿಕೊಳ್ಳಿ.

ಬೀಡಿಗೆ ಸೋಪಿನ ನೀರು ಸವರಿ, ವಾಲ್ವಿನ ಎದುರು ಮಗ್ಗುಲಿಗೆ ಮಂಡಿ ಊರಿ, ವಾಲ್ವಿನ ಪಕ್ಕದಲ್ಲಿ ಮೊದಲ ಲಿವರ್ ಹಾಕಿ ಎತ್ತಿ. ಎರಡು ಮೂರು ಬೆರಳಿನಷ್ಟು ದೂರದಲ್ಲಿ ಎರಡನೆಯದು, ಮತ್ತಷ್ಟೇ ದೂರದಲ್ಲಿ ಮೂರನೆಯದು. ಅಗಳು ಅಗಳಾಗಿ ಉಣ್ಣುವಂತೆ ಚಿಕ್ಕ ಚಿಕ್ಕ ತುತ್ತು ತೆಗೆದುಕೊಳ್ಳಿ. ಒಂದು ಮಗ್ಗುಲು ಹೊರಬಂದರೆ ಸಾಕು, ಟೈರು ಪೂರ್ತಿ ತೆಗೆಯಬೇಕಿಲ್ಲ. ವಾಲ್ವಿನ ನಟ್ಟು ತೆಗೆದು ಟ್ಯೂಬನ್ನು ಎಳೆದುಕೊಳ್ಳಿ.

ತೂತಿನ ಮಾತು, ಪ್ಯಾಚಿನ ಕೆಲಸ

ಟ್ಯೂಬಿಗೆ ಪಿನ್ ಹಾಕಿ ಗಾಳಿ ತುಂಬಿ, ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿ; ಸಣ್ಣ ಸೋರಿಕೆಯೂ ಕೆನ್ನೆಗೆ ತಣ್ಣಗೆ ತಾಗುತ್ತದೆ. ಮಳೆಗಾಲದಲ್ಲಿ ತೊರೆಯಲ್ಲಿ ಮುಳುಗಿಸಿದರೆ ಗುಳ್ಳೆ ಹೇಳುತ್ತದೆ.

ತೂತಿನ ಆಕಾರವೇ ಕಾರಣ ತಿಳಿಸುತ್ತದೆ. ಒಂದೇ ಚುಕ್ಕೆಯಿದ್ದರೆ ಮೊಳೆ ಅಥವಾ ಮುಳ್ಳು. ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದ ಹಾಗೆ ಕಂಡರೆ, ಗಾಳಿ ಕಡಿಮೆಯಿದ್ದು ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನ ಎರಡು ಅಂಚುಗಳ ಕೆಳಗೆ ಸಿಕ್ಕಿಬಿದ್ದಿದೆ ಎಂದರ್ಥ. ಹಾಗಾದರೆ ಮೊಳೆ ಹುಡುಕಬೇಕಿಲ್ಲ, ಪ್ಯಾಚಾದ ಮೇಲೆ ಹಾಕುವ ಗಾಳಿಯನ್ನು ಹೆಚ್ಚಿಸಬೇಕು. ವಾಲ್ವಿನ ಬುಡ ಹರಿದಿದ್ದರೆ ಪ್ಯಾಚು ನಿಲ್ಲದು, ಟ್ಯೂಬು ಬದಲಿಸಿ.

ಚುಕ್ಕೆ ತೂತಾದರೆ ಟೈರಿನ ಒಳಗನ್ನು ಪರೀಕ್ಷಿಸದೆ ಮುಂದೆ ಹೋಗಬೇಡಿ. ಬರಿ ಬೆರಳು ಆಡಿಸಿದರೆ ಕೊಯ್ಯುತ್ತದೆ. ಹಳೆಯ ಬಟ್ಟೆಯನ್ನು ಒಳಸುತ್ತಿಗೆ ಎಳೆಯಿರಿ. ತಂತಿಯ ಚೂರಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ. ಹಾಕಿದ ಹತ್ತೇ ನಿಮಿಷದಲ್ಲಿ ಮತ್ತೆ ಪಂಕ್ಚರ್ ಆಗುವುದು ಬಹುಪಾಲು ಈ ಒಂದು ಹೆಜ್ಜೆ ಬಿಟ್ಟದ್ದರಿಂದ.

ಪ್ಯಾಚಿಗೆ ಮೂರು ಗುಣ ಬೇಕು: ಒಣ, ಒರಟು, ತಾಳ್ಮೆ. ಟ್ಯೂಬಿನ ಗಾಳಿ ಬಿಟ್ಟು, ಪೂರ್ತಿ ಒರೆಸಿ, ಪ್ಯಾಚಿಗಿಂತ ಅಗಲವಾಗಿ ಉಜ್ಜುಕಾಗದದಿಂದ ಉಜ್ಜಿ ಹೊಳಪು ಹೋಗಿಸಿ, ಪುಡಿ ಒರೆಸಿ. ಸೊಲ್ಯೂಷನ್ ತೆಳುವಾಗಿ ಸವರಿ, ಐದು ನಿಮಿಷ ಬಿಡಿ. ಬೆರಳ ಹಿಂಭಾಗ ತಾಗಿಸಿದರೆ ಅಂಟದಷ್ಟು ಒಣಗಿದ ಮೇಲೆಯೇ ಪ್ಯಾಚು ಇಡಬೇಕು. ಹಸಿ ಅಂಟಿನ ಮೇಲೆ ಇಟ್ಟ ಪ್ಯಾಚು ಜಾರುತ್ತದೆ. ನಡುವಿನಿಂದ ಹೊರಕ್ಕೆ ಲಿವರಿನ ಬೆನ್ನಿನಿಂದ ಗಟ್ಟಿಯಾಗಿ ಒತ್ತಿ. ಮೇಲೆ ಪೌಡರ್ ಉದುರಿಸಿದರೆ ಟ್ಯೂಬು ಟೈರಿಗೆ ಅಂಟುವುದಿಲ್ಲ. ಮಳೆ ಸುರಿಯುತ್ತಿದ್ದರೆ ಇಬ್ಬರು ರೇನ್‌ಕೋಟನ್ನು ಚಪ್ಪರದಂತೆ ಹಿಡಿಯಲಿ. ರಾಜಮಾಚಿಯಲ್ಲಿ ನಾವು ಮಾಡದೇ ಹೋದದ್ದು ಇದನ್ನೇ. ಹೊಸ ಟ್ಯೂಬು ಇದ್ದರೆ ದಾರಿಯಲ್ಲಿ ಅದನ್ನೇ ಹಾಕಿ, ಪ್ಯಾಚಿನ ಕೆಲಸ ಮನೆಗಿಟ್ಟುಕೊಳ್ಳಿ.

ಮತ್ತೆ ಕೂರಿಸುವುದು

ಟ್ಯೂಬಿಗೆ ಒಂದಿಷ್ಟು ಗಾಳಿ ತುಂಬಿ, ಉರುಟಾದರೆ ಸಾಕು. ಚಪ್ಪಟೆ ಟ್ಯೂಬು ಮಡಚಿಕೊಂಡು ಲಿವರಿಗೆ ಸಿಗುತ್ತದೆ, ಹೆಚ್ಚು ತುಂಬಿದರೆ ಜಾಗ ತಿನ್ನುತ್ತದೆ. ವಾಲ್ವನ್ನು ರಿಮ್ಮಿನ ತೂತಿಗೆ ಹಾಕಿ, ನಟ್ಟನ್ನು ಒಂದೆರಡು ಸುತ್ತು ಮಾತ್ರ ಬಿಗಿಯಿರಿ. ಟ್ಯೂಬು ಎಲ್ಲೂ ತಿರುಚದಂತೆ ಸುತ್ತಲೂ ಒಳಗೆ ತಳ್ಳಿ.

ವಾಲ್ವಿನ ಎದುರು ಮಗ್ಗುಲಿನಿಂದ ಬೀಡನ್ನು ಕೈಯಲ್ಲೇ ಇಳಿಸುತ್ತ ಬನ್ನಿ. ಮಂಡಿಗಳು ಅಲ್ಲೇ ಇರಲಿ, ಬೀಡ್ ಕಾಲುವೆ ಬಿಟ್ಟು ಏಳಬಾರದು. ಸೋಪು ಧಾರಾಳ ಸವರಿ. ಕೈಗೆ ಬಗ್ಗದಾದಾಗ ಲಿವರ್ ತೆಗೆದುಕೊಳ್ಳಿ, ತುದಿಯನ್ನು ಬೇಕಾದಷ್ಟೇ ಒಳಗಿಡಿ. ಕೊನೆಯ ಗೇಣಿಗೆ ಬರುವ ಹೊತ್ತಿಗೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಬೀಡಿನ ಕೆಳಗೆ ಸಿಕ್ಕಿದ ಟ್ಯೂಬು ಮೇಲೆದ್ದುಬಿಡುತ್ತದೆ.

ಎಲ್ಲ ತಪ್ಪೂ ನಡೆಯುವುದು ಈ ಕೊನೆಯ ಗೇಣಿನಲ್ಲಿ. ಬಿಗಿ ಎನಿಸಿದರೆ ನಿಲ್ಲಿಸಿ. ಬಲ ಹೆಚ್ಚಿಸಬೇಡಿ. ಎದುರು ಮಗ್ಗುಲು ನೋಡಿ, ಅಲ್ಲಿ ಬೀಡ್ ಕಾಲುವೆಯಿಂದ ಮೇಲೆ ಬಂದಿರುತ್ತದೆ. ಅದನ್ನು ಮತ್ತೆ ತುಳಿದು ಇಳಿಸಿ, ಸುತ್ತಲೂ ಕೈಯಿಂದ ಸಡಿಲನ್ನು ವಾಲ್ವಿನ ಕಡೆಗೆ ತಳ್ಳಿಕೊಂಡು ಬನ್ನಿ. ಈಗ ಅದೇ ಅಂಚು ಅರ್ಧ ಬಲಕ್ಕೆ ಒಳಗೆ ಜಾರುತ್ತದೆ.

ಗಾಳಿ ಹೊಡೆಯುತ್ತ ಹೋದಂತೆ ಬೀಡ್ ರಿಮ್ಮಿನ ಅಂಚಿಗೆ ಏರಿ ಟಪ್ಪೆಂದು ಸದ್ದು ಮಾಡುತ್ತದೆ, ಎರಡು ಮಗ್ಗುಲಿಗೆ ಎರಡು ಸಲ. ಸದ್ದನ್ನೇ ನಂಬಬೇಡಿ. ಟೈರಿನ ಮಗ್ಗುಲಿನಲ್ಲಿ ರಿಮ್ಮಿನ ಪಕ್ಕ ಸುತ್ತಲೂ ಓಡುವ ತೆಳು ಗೆರೆಯೊಂದಿದೆ. ಅದು ರಿಮ್ಮಿನಿಂದ ಎಲ್ಲ ಕಡೆ ಒಂದೇ ದೂರದಲ್ಲಿರಬೇಕು. ಒಂದು ಕಡೆ ಗೆರೆ ಮುಳುಗಿದ್ದರೆ ಅಲ್ಲಿ ಟೈರು ಕೂತಿಲ್ಲ. ಓಡಿಸಿದರೆ ಚಕ್ರ ಕುಪ್ಪಳಿಸುತ್ತದೆ. ಗಾಳಿ ಬಿಟ್ಟು, ಆ ಜಾಗಕ್ಕೆ ಸೋಪು ಹಾಕಿ, ಚಕ್ರವನ್ನು ನೆಲಕ್ಕೆ ಕುಟ್ಟಿ, ಮತ್ತೆ ಹೊಡೆಯಿರಿ. ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡವನ್ನು ಎಂದೂ ಮೀರಬೇಡಿ.

ಚಕ್ರ ಮತ್ತೆ ಏರಿಸುವಾಗ ಟೈರಿನ ಬಾಣದ ಗುರುತು ಮುಂದಕ್ಕೆ ಉರುಳುವ ದಿಕ್ಕಿಗಿರಲಿ. ಫೋಟೊ ನೋಡಿ ಚೈನಿನ ಗುರುತು ಸರಿಹೊಂದಿಸಿ. ಹೊರಡುವ ಮೊದಲು ನಿಂತಲ್ಲೇ ಬ್ರೇಕನ್ನು ನಾಲ್ಕಾರು ಸಲ ಒತ್ತಿ, ಹಿಡಿತ ಬಂತೆಂದು ಖಾತ್ರಿ ಮಾಡಿಕೊಳ್ಳಿ.

ಬೀಡ್ ಕಳಚಿದ ಟ್ಯೂಬ್‌ಲೆಸ್

ಕಲ್ಲಿಗೆ ಓರೆಯಾಗಿ ಬಡಿದಾಗ, ಗಾಳಿ ತೀರಾ ಕಡಿಮೆಯಿದ್ದರೆ, ಟ್ಯೂಬ್‌ಲೆಸ್ ಟೈರು ರಿಮ್ಮಿನಿಂದ ಕಳಚಿ ಗಾಳಿಯೆಲ್ಲ ಒಮ್ಮೆಗೇ ಹೋಗುತ್ತದೆ. ತೂತೇ ಇಲ್ಲದೆ ಬೈಕು ನಿಂತುಬಿಡುತ್ತದೆ. ಇಲ್ಲಿ ತೊಡಕೇನೆಂದರೆ, ಕೈಪಂಪು ತುಂಬುವುದಕ್ಕಿಂತ ಬೇಗ ಗಾಳಿ ಸಂದಿನಿಂದ ಹೋಗುತ್ತದೆ.

ಮೊದಲು ಬೀಡನ್ನೂ ರಿಮ್ಮನ್ನೂ ಕೆಸರು, ಹುಲ್ಲು ಇಲ್ಲದಂತೆ ತೊಳೆದು ಒರೆಸಿ. ರಿಮ್ಮಿನ ಅಂಚು ಬಗ್ಗಿದೆಯೇ ನೋಡಿ. ಎರಡೂ ಬೀಡಿಗೆ ಸೋಪಿನ ನೀರು ಸವರಿ. ಸಾಮಾನು ಕಟ್ಟುವ ಪಟ್ಟಿಯನ್ನು ಟೈರಿನ ಹೊರಸುತ್ತಿಗೆ, ನೆಲಕ್ಕೆ ತಾಗುವ ಭಾಗದ ನಡುವೆ ಸುತ್ತಿ ಬಿಗಿಯಿರಿ. ನಡು ಒಳಗೆ ಒತ್ತಿದಂತೆ ಟೈರಿನ ಮಗ್ಗುಲುಗಳು ಹೊರಕ್ಕೆ ಅಗಲಿ ರಿಮ್ಮಿಗೆ ತಾಗುತ್ತವೆ. ಇಲ್ಲೂ ಅದೇ ಸೂತ್ರ: ಗಾಳಿಗೆ ನಿಲ್ಲಲು ಜಾಗ ಮಾಡಿಕೊಡುವುದು. ವಾಲ್ವ್ ಪಿನ್ ತೆಗೆದರೆ ಗಾಳಿ ಹೋಗುವ ದಾರಿ ಅಗಲವಾಗಿ ಬೇಗ ತುಂಬುತ್ತದೆ. ಈಗ ಬಿಡುವಿಲ್ಲದೆ ಪಂಪು ಹೊಡೆಯಿರಿ. ಗಾಳಿ ಹಿಡಿದುಕೊಳ್ಳತೊಡಗಿದ ಕೂಡಲೇ ಪಟ್ಟಿ ಸಡಿಲಿಸಿ, ಎರಡು ಟಪ್ ಆಗುವವರೆಗೆ ಹೊಡೆಯಿರಿ. ಕೂತ ಮೇಲೆ ಪಂಪು ತೆಗೆದು ಪಿನ್ ಹಾಕುವಷ್ಟರಲ್ಲಿ ಗಾಳಿ ಹೋದರೂ ಚಿಂತೆಯಿಲ್ಲ. ಕೂತ ಬೀಡ್ ಸಾಮಾನ್ಯವಾಗಿ ಕೂತೇ ಇರುತ್ತದೆ. ಪಿನ್ ಹಾಕಿ ಮತ್ತೆ ತುಂಬಿ.

ಚಿಕ್ಕ ಕಾರ್ಬನ್ ಡೈಆಕ್ಸೈಡ್ ಸಿಲಿಂಡರುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವು, ಒಮ್ಮೆಗೇ ರಭಸದ ಗಾಳಿ ಕೊಡುತ್ತವೆ. ಬರಿಗೈಯಲ್ಲಿ ಹಿಡಿಯಬೇಡಿ, ಲೋಹ ಚರ್ಮ ಸುಡುವಷ್ಟು ತಣ್ಣಗಾಗುತ್ತದೆ. ಆ ಅನಿಲ ರಬ್ಬರಿನಿಂದ ಬೇಗ ಸೋರುವುದರಿಂದ ಮನೆಗೆ ಬಂದ ಮೇಲೆ ಮಾಮೂಲು ಗಾಳಿ ತುಂಬಿಸಿ.

ಏನು ಮಾಡಿದರೂ ಕೂರದಿದ್ದರೆ, ಇಲ್ಲವೇ ಟೈರಿನ ಮಗ್ಗುಲು ಸೀಳಿದ್ದರೆ, ಟ್ಯೂಬ್‌ಲೆಸ್ ಟೈರಿನೊಳಗೂ ಟ್ಯೂಬು ಹಾಕಿ ಊರು ತಲುಪಬಹುದು. ಟ್ಯೂಬ್‌ಲೆಸ್ ವಾಲ್ವನ್ನು ತೆಗೆದು, ಒಳಗೆ ಚಾಚಿದ ಹಳೆಯ ಬತ್ತಿಯ ಬಾಲಗಳನ್ನು ಕತ್ತರಿಸಿ ಹಾಕಬೇಕು. ಸೀಳಿಗೆ ಒಳಗಿನಿಂದ ಹಳೆಯ ಟ್ಯೂಬಿನ ದಪ್ಪ ತುಂಡು ಅಡ್ಡ ಕೊಡಿ. ನಿಧಾನವಾಗಿ ಬನ್ನಿ, ಬಂದ ಮೇಲೆ ಆ ಟೈರು ಬದಲಿಸಿ.

ಇದನ್ನು ಮಾತ್ರ ಮಾಡಬೇಡಿ

ಪೆಟ್ರೋಲನ್ನೋ ಸೆಂಟಿನ ಡಬ್ಬಿಯನ್ನೋ ಟೈರಿನೊಳಗೆ ಸಿಂಪಡಿಸಿ, ಕಡ್ಡಿ ಗೀರಿ, ಸ್ಫೋಟದಿಂದ ಬೀಡ್ ಕೂರಿಸುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಒಳಗಿನ ಒತ್ತಡ ಯಾರ ಹಿಡಿತದಲ್ಲೂ ಇರುವುದಿಲ್ಲ. ಟೈರು ಸಿಡಿದು ಮುಖ, ಕೈ ಕಳೆದುಕೊಳ್ಳಬಹುದು. ಮಾರ್ಚ್‌ನಿಂದ ಮೇವರೆಗೆ ಸಹ್ಯಾದ್ರಿಯ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಗುಡ್ಡವನ್ನೇ ಸುಡುತ್ತದೆ. ದಯವಿಟ್ಟು ಇದನ್ನು ಎಲ್ಲೂ ಮಾಡಬೇಡಿ.

ಹರಿದ ಟ್ಯೂಬು, ಬತ್ತಿಯ ಕಾಗದ, ಕಿತ್ತ ಮೊಳೆ ಯಾವುದನ್ನೂ ದಾರಿಯಲ್ಲಿ ಬಿಡಬೇಡಿ. ನೀವು ಬಿಟ್ಟ ಮೊಳೆ ಹಿಂದೆ ಬರುವವರ ಟೈರಿಗೆ, ಹಳ್ಳಿಯ ದನದ ಗೊರಸಿಗೆ ಸೇರುತ್ತದೆ. ಮಳೆಗಾಲದಲ್ಲಿ ಲೋನಾವಳ ಸುತ್ತಿನ ಪ್ರವಾಸಿ ತಾಣಗಳಿಗೆ ಆಡಳಿತ ನಿರ್ಬಂಧ ಹಾಕುವುದುಂಟು, ವಿಚಾರಿಸಿಕೊಂಡೇ ಹೊರಡಿ.

ಗಾಳಿ ಎಷ್ಟು?

ಕಲ್ಲುದಾರಿಯಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸುವ ರೂಢಿಯಿದೆ. ಮಿತವಾಗಿ ಇಳಿಸಿದರೆ ಲಾಭ, ಅತಿಯಾದರೆ ಹಾವು ಕಚ್ಚಿದ ತೂತು, ಇಲ್ಲವೇ ಕಳಚಿದ ಬೀಡ್. ಸಾಮಾನು ಹೊತ್ತ ಬೈಕಿನಲ್ಲಿ ನಾನು 20 ಪಿ.ಎಸ್.ಐ.ಗಿಂತ ಕೆಳಗೆ ಹೋಗುವುದಿಲ್ಲ. ಡಾಂಬರಿಗೆ ಮರಳಿದ ಕೂಡಲೇ ಕಂಪನಿ ಹೇಳಿದಷ್ಟು ತುಂಬಿಸಿ. ಅದು ಬೈಕಿನ ಕೈಪಿಡಿಯಲ್ಲೂ ಸಾಮಾನ್ಯವಾಗಿ ಬೈಕಿನ ಮೇಲೇ ಅಂಟಿಸಿದ ಚೀಟಿಯಲ್ಲೂ ಇರುತ್ತದೆ. ಡಾಕರ್‌ನಂಥ ರ್ಯಾಲಿಯ ಸ್ಪರ್ಧಿಗಳು ಟ್ಯೂಬಿನ ಬದಲು ಟೈರಿನೊಳಗೆ ಮೂಸ್ ಎಂಬ ನೊರೆರಬ್ಬರಿನ ಬಳೆ ಹಾಕುತ್ತಾರೆ. ಮೂಸ್‌ನಲ್ಲಿ ಗಾಳಿಯೇ ಇಲ್ಲ, ಪಂಕ್ಚರೂ ಇಲ್ಲ. ಆದರೆ ಅದು ಬಿಸಿಯಾಗಿ ಬೇಗ ಸವೆಯುತ್ತದೆ, ದಿನಬಳಕೆಗೆ ಒಗ್ಗದು. ನಮಗೆ ಗಾಳಿಯೇ ದಾರಿ.

ಟೈರಿನ ವಯಸ್ಸನ್ನೂ ನೋಡಿ. ಮಗ್ಗುಲಿನಲ್ಲಿ ನಾಲ್ಕು ಅಂಕಿಯಿರುತ್ತದೆ. 2321 ಎಂದಿದ್ದರೆ 2021ರ 23ನೆಯ ವಾರ ತಯಾರಾದದ್ದು. ಹಳೆಯ ಗಡಸು ರಬ್ಬರು ಬೇಗ ಸೀಳುತ್ತದೆ, ಲಿವರಿಗೂ ಬಗ್ಗುವುದಿಲ್ಲ.

ಈ ಭಾನುವಾರ

ಮರುವರ್ಷ ಮಳೆಗಾಲದಲ್ಲಿ ಅದೇ ರಾಜಮಾಚಿ ದಾರಿಯಲ್ಲಿ ಪರಿಚಯವಿಲ್ಲದ ಇಬ್ಬರು ಹುಡುಗರು ಚಪ್ಪಟೆ ಚಕ್ರದ ಬೈಕಿನ ಪಕ್ಕ ನಿಂತಿದ್ದರು. ಸುಮಾರು ನಲವತ್ತು ನಿಮಿಷದಲ್ಲಿ ಟ್ಯೂಬು ಬದಲಿಸಿ ಹೊರಡಿಸಿದೆವು. ಕೊನೆಯ ಗೇಣು ಬಿಗಿಯಾದಾಗ ಒಬ್ಬ ಲಿವರಿಗೆ ಕಾಲು ಕೊಡಲು ಬಂದ. ತಡೆದು, ಅವನ ಮಂಡಿಯನ್ನು ಎದುರು ಮಗ್ಗುಲಿಗೆ ಊರಿಸಿದೆ. ಅಂಚು ತಾನಾಗಿ ಇಳಿದದ್ದು ಕಂಡು ಅವನ ಮುಖ ಅರಳಿತು. ಆ ವಿದ್ಯೆ ಈಗ ಅವನ ಕೈಗೂ ಬಂತು.

ಓದಿದ್ದು ಕೈಗೆ ಬರಲು ಮಾಡಿಯೇ ನೋಡಬೇಕು. ಈ ಭಾನುವಾರ ನಿಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ, ಬೆಳಕಿರುವಾಗ, ನೀರು ಕೈಗೆಟಕುವಾಗ, ತಪ್ಪಿದರೆ ಪಂಕ್ಚರ್ ಅಂಗಡಿ ಹತ್ತಿರವಿರುವಾಗ, ಹಿಂದಿನ ಚಕ್ರವನ್ನು ಒಮ್ಮೆ ಬಿಚ್ಚಿ, ಟೈರು ತೆಗೆದು, ಮತ್ತೆ ಕೂರಿಸಿ. ಮೊದಲ ಸಲ ಎರಡು ಗಂಟೆ ಹಿಡಿಯಬಹುದು. ಮೂರನೆಯ ಸಲಕ್ಕೆ ಮಂಡಿ ಎಲ್ಲಿ ಊರಬೇಕೆಂದು ಯಾರೂ ಹೇಳಬೇಕಿಲ್ಲ. ಅದಾದ ಮೇಲೆ ಘಾಟಿ ಹತ್ತಿ.